ಆರ್. ಪಿ. ಯಾರು? ಕ್ವೇಕರ್ ಹೊಲಿಗೆ ಸಂಚಿಯ ಒಡತಿಯನ್ನು ಹುಡುಕುವ ದಾರಿ

ಪ್ರಶ್ನೆ: ನಾನು ದಾವಣಗೆರೆಯವಳು, ಈಗ ಅಮೆರಿಕದ ಪೆನ್ಸಿಲ್ವೇನಿಯಾದ ಎಕ್ಸ್‌ಟನ್‌ನಲ್ಲಿ ನೆಲೆಸಿದ್ದೇನೆ. ವೆಸ್ಟ್ ಚೆಸ್ಟರ್ ಬಳಿ ಒಂದು ಹಳೆಯ ಮನೆಯ ಸಾಮಾನುಗಳನ್ನು ಮಾರುತ್ತಿದ್ದಾಗ ಕಂದು ರೇಷ್ಮೆಯ ಹೊಲಿಗೆ ಸಂಚಿಯೊಂದನ್ನು ಕೊಂಡೆ. ಸುರುಳಿ ಬಿಚ್ಚಿದರೆ ಹದಿನಾಲ್ಕು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲ. ಒಳಗೆ ಬೇರೆ ಬೇರೆ ರೇಷ್ಮೆಯ ನಾಲ್ಕು ಜೇಬುಗಳು, ಸೂಜಿ ಚುಚ್ಚಿಡಲು ಬಿಳಿ ಉಣ್ಣೆಬಟ್ಟೆಯ ಮೂರು ಹಾಳೆಗಳು, ಒಂದು ತುದಿಯಲ್ಲಿ ಗುಂಡುಸೂಜಿ ಚುಚ್ಚುವ ಪುಟ್ಟ ಮೆತ್ತೆ ಇವೆ. ಸುತ್ತಿ ಕಟ್ಟುವ ಲಾಡಿಯ ಮೇಲೆ ಕ್ರಾಸ್ ಸ್ಟಿಚ್‌ನಲ್ಲಿ ‘ಆರ್ ಪಿ’, ಅದರ ಕೆಳಗೆ ‘4 ಎಂಒ 1823’ ಎಂದಿದೆ. ಜೇಬಿನಲ್ಲಿದ್ದ ಚೀಟಿಯಲ್ಲಿ ‘ಅಜ್ಜಿಯ ಸಹೋದರಿ ವೆಸ್ಟ್‌ಟೌನ್‌ನಲ್ಲಿ ಬಳಸಿದ್ದು’ ಎಂದು ಶಾಯಿಯಲ್ಲಿ ಬರೆದಿದೆ. ಮಾರಿದವರು ಇದು ಕ್ವೇಕರ್ ಎಂಬ ಕ್ರೈಸ್ತ ಪಂಥದವರದು, ಹದಿನೆಂಟನೆಯ ಶತಮಾನದ್ದು ಎಂದರು. ಇದು ನಿಜವೇ? ‘4 ಎಂಒ’ ಎಂದರೆ ನಾಲ್ಕು ತಿಂಗಳ ಮಗುವಿನ ವಯಸ್ಸೇ? ಆರ್. ಪಿ. ಯಾರೆಂದು ಪತ್ತೆ ಮಾಡಬಹುದೇ? ಕಲೆಗಳಿವೆ, ತೊಳೆಯಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದವಕ್ಕೆ ಕಾಯಬಹುದು, ಇದಕ್ಕೆ ಆಗದು. ತೊಳೆಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಲೂ ಬೇಡಿ. ಇನ್ನೂರು ವರ್ಷದ ಕಂದು ರೇಷ್ಮೆಗೆ ಕಬ್ಬಿಣದ ಅಂಶವುಳ್ಳ ಬಣ್ಣ ಕಟ್ಟಿರುವ ಸಾಧ್ಯತೆ ಹೆಚ್ಚು. ಅಂಥ ಬಣ್ಣ ಎಳೆಯನ್ನು ಒಳಗೊಳಗೇ ತಿಂದಿರುತ್ತದೆ, ನೀರು ತಗುಲಿದ ಕಡೆ ಪುಡಿಯಾಗಿ ಉದುರುತ್ತದೆ. ನೀವು ಹೇಳುವ ಕಲೆಗಳಲ್ಲಿ ಕೆಲವು ಸೂಜಿಯ ತುಕ್ಕಿನವು ಆಗಿರಬಹುದು. ಅವು ಕೊಳೆಯಲ್ಲ, ಸಾಕ್ಷ್ಯ. ಸಂಚಿಯನ್ನು ಪದೇ ಪದೇ ಸುತ್ತಿ ಬಿಚ್ಚಬೇಡಿ. ಆಮ್ಲರಹಿತ ತೆಳುಕಾಗದದ ಮೇಲೆ ಬಿಡಿಸಿ, ಬಿಸಿಲು ಬೀಳದ ಪೆಟ್ಟಿಗೆಯಲ್ಲಿಡಿ. ಒಮ್ಮೆ ಚೆನ್ನಾಗಿ ಫೋಟೋ ತೆಗೆದುಕೊಂಡರೆ ಮುಂದಿನ ಕೆಲಸವೆಲ್ಲ ಫೋಟೋದಿಂದಲೇ ಆಗುತ್ತದೆ.

ಇನ್ನು ಇದು ಕ್ವೇಕರರದೇ ಎಂಬ ಪ್ರಶ್ನೆ. ಆ ಭಾಗದ ಹಳೆಯ ವಸ್ತು ವ್ಯಾಪಾರಿಗಳಿಗೆ ‘ಕ್ವೇಕರ್’ ಎಂಬುದು ಬೆಲೆ ಏರಿಸುವ ಮಾತು. ಬೂದು ಅಥವಾ ಕಂದು ಬಣ್ಣದ, ಹೂಬಳ್ಳಿಯಿಲ್ಲದ ಯಾವ ರೇಷ್ಮೆಯ ತುಂಡು ಸಿಕ್ಕಿದರೂ ಆ ಹೆಸರು ಅಂಟಿಸುತ್ತಾರೆ. ಕ್ವೇಕರರು ಸರಳ ಉಡುಪಿನವರು ಎಂಬುದು ನಿಜ, ಆದರೆ ಬಡ ಉಡುಪಿನವರಲ್ಲ. ಫಿಲಡೆಲ್ಫಿಯಾದ ಅನುಕೂಲಸ್ಥ ಕ್ವೇಕರ್ ಮನೆಗಳ ಹೆಂಗಸರು ಒಳ್ಳೆಯ ರೇಷ್ಮೆಯನ್ನೇ ಉಡುತ್ತಿದ್ದರು, ಅಲಂಕಾರವನ್ನು ಮಾತ್ರ ಬಿಡುತ್ತಿದ್ದರು. ಉಡುಪು ಹಳತಾದಾಗ ಅದರ ಗಟ್ಟಿ ತುಂಡುಗಳಿಂದ ಇಂಥ ಸಂಚಿಗಳು ಹುಟ್ಟುತ್ತಿದ್ದವು. ನಿಮ್ಮ ಸಂಚಿಯ ನಾಲ್ಕು ಜೇಬಿಗೆ ನಾಲ್ಕು ಬಗೆಯ ರೇಷ್ಮೆ ಬಂದದ್ದು ಬಹುಶಃ ಹಾಗೆಯೇ. ಆದರೆ ಕ್ವೇಕರರಲ್ಲದವರ ಮನೆಗಳಲ್ಲೂ ಇದೇ ಆಕಾರದ, ನಮ್ಮ ಹಿರಿಯರ ಎಲೆಅಡಿಕೆ ಸಂಚಿಯ ಹಾಗೆ ಮಡಚಿ ಸುತ್ತುವ, ಸೂಜಿ ದಾರದ ಚೀಲಗಳು ಇದ್ದವು. ಸಿಪಾಯಿಗಳು, ನಾವಿಕರು ಸಹ ಒಯ್ಯುತ್ತಿದ್ದರು. ಆದ್ದರಿಂದ ಆಕಾರದಿಂದಾಗಲಿ ಬಣ್ಣದಿಂದಾಗಲಿ ಏನೂ ಸಾಬೀತಾಗುವುದಿಲ್ಲ.

ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರ. ಈಗ ಕಂದು ಕಾಣುವುದೆಲ್ಲ ಮೊದಲೂ ಕಂದಾಗಿತ್ತು ಎಂದುಕೊಳ್ಳಬೇಡಿ. ಜೇಬಿನ ಬಾಯಿ ಕೊಂಚ ಸಡಿಲವಾಗಿದ್ದರೆ ಟಾರ್ಚ್ ಬಿಟ್ಟು ಒಳಗೆ ಮಡಚಿರುವ ಅಂಚನ್ನು ನೋಡಿ. ಲಾಡಿಯನ್ನು ಮಗುಚಿ ಅಕ್ಷರಗಳ ಹಿಂಬದಿಯ ದಾರವನ್ನೂ ನೋಡಿ. ಬೆಳಕು ಬೀಳದ ಕಡೆ ಮೊದಲಿನ ಬಣ್ಣ ಉಳಿದಿರುತ್ತದೆ. ಮೇಲೆ ಒಣಗಿದ ಎಲೆಯ ಬಣ್ಣಕ್ಕೆ ತಿರುಗಿದ ರೇಷ್ಮೆ ಒಳಗೆ ಗಿಳಿಹಸಿರು ಇರುವುದೂ ಉಂಟು. ಹಸಿರು ಕಂಡರೆ ಗಾಬರಿಯಾಗಬೇಡಿ. ಹಸಿರು ಉಟ್ಟ ಕ್ವೇಕರ್ ಹೆಂಗಸರು ಬೇಕಾದಷ್ಟು ಜನ ಇದ್ದರು.

ನಿಮ್ಮ ಸಂಚಿಯ ಜಾತಕ ಹೇಳುವುದು ಬಣ್ಣವಲ್ಲ, ‘4 ಎಂಒ’. ಅದು ಮಗುವಿನ ವಯಸ್ಸಲ್ಲ, ನಾಲ್ಕನೆಯ ತಿಂಗಳು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಕಟ್ಟಿದ ಈ ಪಂಥದವರು ಕ್ರೈಸ್ತಪೂರ್ವ ದೇವತೆಗಳ ಹೆಸರು ಹೊತ್ತ ತಿಂಗಳುಗಳನ್ನೂ ವಾರಗಳನ್ನೂ ಬಾಯಲ್ಲಿ ಹೇಳಲು ಒಪ್ಪದೆ, ಅವುಗಳಿಗೆ ಬರಿಯ ಅಂಕಿ ಕೊಟ್ಟರು. ಭಾನುವಾರ ಮೊದಲ ದಿನ, ಜನವರಿ ಮೊದಲ ತಿಂಗಳು. ಹಾಗಾಗಿ ನಿಮ್ಮದು 1823ರ ಏಪ್ರಿಲ್. ಈ ಪದ್ಧತಿಗೆ ಒಂದು ತೊಡಕಿದೆ. ಇಂಗ್ಲೆಂಡಿನಲ್ಲೂ ಅದರ ಅಮೆರಿಕದ ವಸಾಹತುಗಳಲ್ಲೂ 1752ರಲ್ಲಿ ಪಂಚಾಂಗ ಬದಲಾಗುವವರೆಗೆ ವರ್ಷ ಶುರುವಾಗುತ್ತಿದ್ದುದು ಮಾರ್ಚ್‌ನಲ್ಲಿ. ಅಂದರೆ ಅದಕ್ಕಿಂತ ಹಿಂದಿನ ದಾಖಲೆಯಲ್ಲಿ ನಾಲ್ಕನೆಯ ತಿಂಗಳು ಎಂದಿದ್ದರೆ ಅದು ಜೂನ್. ನಿಮ್ಮ ಸಂಚಿಗೆ ಇದರಿಂದ ತೊಂದರೆಯಿಲ್ಲ, ಆದರೆ ಆರ್. ಪಿ.ಯ ಮುತ್ತಜ್ಜಿಯವರೆಗೆ ಹೋದರೆ ಎಡವುತ್ತೀರಿ.

ಆ ಒಂದು ಸಾಲಿನಿಂದ ಎರಡು ವಿಷಯ ಇತ್ಯರ್ಥವಾಯಿತು. ಹೊಲಿದವರು ಅಥವಾ ಹೊಲಿಸಿಕೊಂಡವರು ಕ್ವೇಕರರು. ಕಾಲ ಹತ್ತೊಂಬತ್ತನೆಯ ಶತಮಾನದ ಮೊದಲ ಕಾಲು, ಮಾರಿದವರು ಹೇಳಿದ ಹದಿನೆಂಟನೆಯದಲ್ಲ. ಒಳಗಿನ ರೇಷ್ಮೆ ತುಂಡುಗಳಲ್ಲಿ ಒಂದೆರಡು ಅಷ್ಟು ಹಳೆಯವು ಇರಬಹುದು, ಅಷ್ಟೇ.

ಅಕ್ಷರಗಳು ಸಂಚಿಯ ಕಾಲದವೇ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ, ಏಕೆಂದರೆ ಲಾಡಿ ಬದಲಾಗಿರಬಹುದು. ಕತ್ತಲೆ ಕೋಣೆಯಲ್ಲಿ ಅತಿನೇರಳೆ ಟಾರ್ಚ್ ಹಿಡಿಯಿರಿ. ಎರಡನೆಯ ಮಹಾಯುದ್ಧದ ನಂತರದ ದಾರ ಮತ್ತು ಬಿಳಿ ಬಟ್ಟೆಯಲ್ಲಿ ಹೊಳಪುಕಾರಕ ಸೇರಿರುವುದರಿಂದ ಅವು ಸಾಮಾನ್ಯವಾಗಿ ನೀಲಿಯಾಗಿ ಹೊಳೆಯುತ್ತವೆ, ಹಳೆಯವು ಮಂಕಾಗಿರುತ್ತವೆ. ಅಂಚಿನ ಪಟ್ಟಿಯಲ್ಲಿ ಯಂತ್ರದ ಹೊಲಿಗೆ ಕಂಡರೆ ಅದು 1850ರ ದಶಕದ ನಂತರದ ರಿಪೇರಿ. ಮೆತ್ತೆಯಲ್ಲಿ ಗುಂಡುಸೂಜಿಗಳು ಉಳಿದಿದ್ದರೆ ಭೂತಗನ್ನಡಿಯಲ್ಲಿ ತಲೆಯನ್ನು ನೋಡಿ. ಸಣ್ಣ ತಂತಿಯನ್ನು ಸುತ್ತಿ ಕೂರಿಸಿದ ತಲೆಯಾದರೆ ಹಳೆಯ ಕೈಕೆಲಸ. ತಲೆ, ಕಡ್ಡಿ ಒಂದೇ ತುಂಡಾಗಿರುವ ಯಂತ್ರದ ಪಿನ್ನುಗಳು ಹರಡಿದ್ದು 1830ರ ದಶಕದಿಂದೀಚೆಗೆ. ಎರಡೂ ಬಗೆ ಸಿಕ್ಕಿದರೆ ಸಂಚಿ ಬಹಳ ಕಾಲ ಬಳಕೆಯಲ್ಲಿತ್ತು ಎಂದು ತಿಳಿಯಿರಿ. ಗಟ್ಟಿತನಕ್ಕಾಗಿ ಒಳಗೆ ಕಾಗದ ಇಟ್ಟಿದ್ದಾರೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಹಳೆಯ ಪತ್ರ, ಲೆಕ್ಕದ ಪುಸ್ತಕದ ಹಾಳೆ, ಕಾಪಿ ಬರೆದ ಹಾಳೆ ಇವೇ ಆಗ ಕೈಗೆ ಸಿಗುತ್ತಿದ್ದ ರಟ್ಟು. ಅದರ ಮೇಲೆ ಊರಿನ ಹೆಸರಿನ ನಾಲ್ಕು ಅಕ್ಷರ ಕಂಡರೂ ಸಾಕು. ಆದರೆ ಹೊಲಿಗೆ ಬಿಚ್ಚಬೇಡಿ, ಆ ಕೆಲಸ ವಸ್ತುಸಂಗ್ರಹಾಲಯದ ಸಂರಕ್ಷಕರದು. ಒಳಗೆ ಇಸ್ಪೀಟೆಲೆ ಕಂಡರೆ ಮಾತ್ರ ನನಗೂ ಬರೆದು ತಿಳಿಸಿ. ಜೂಜನ್ನು ದೂರವಿಟ್ಟ ಮನೆಯಲ್ಲಿ ಅದು ಹೇಗೆ ಬಂತು ಎಂಬುದೇ ಒಂದು ಕಥೆಯಾದೀತು.

ಈಗ ಆರ್. ಪಿ. ಹೆಚ್ಚಿನವರು ಇಲ್ಲಿ ಮಾಡುವ ಕೆಲಸವೆಂದರೆ ಎರಡು ಅಕ್ಷರಗಳನ್ನು ಹಿಡಿದು ವಂಶಾವಳಿಯ ಜಾಲತಾಣಕ್ಕೆ ನುಗ್ಗುವುದು. ನೀವಿರುವ ಚೆಸ್ಟರ್ ಕೌಂಟಿಯಲ್ಲಿ ಅದು ನಡೆಯುವುದಿಲ್ಲ. ಅಲ್ಲಿಯ ಕ್ವೇಕರ್ ಮನೆತನಗಳಲ್ಲಿ ಪೆನ್ನಾಕ್, ಪ್ಯೂಸಿ, ಪೈಲ್, ಪೇಂಟರ್, ಪಾಸ್ಮೋರ್, ಪಿಯರ್ಸ್, ಪಾರ್ಕರ್ ಎಂದು ಪಿ ಅಕ್ಷರದವೇ ಒಂದು ಹಿಂಡು. ಹುಡುಗಿಯರಿಗೋ ಅಜ್ಜಿ, ಅತ್ತೆಯಂದಿರ ಹೆಸರನ್ನೇ ತಿರುಗಿಸಿ ತಿರುಗಿಸಿ ಇಡುತ್ತಿದ್ದರು. ರೆಬೆಕಾ, ರೇಚಲ್, ರುತ್ ಎಂಬವರು ಮನೆಮನೆಗೂ ಇದ್ದರು. ಜನಗಣತಿಯೂ ಕೈಕೊಡುತ್ತದೆ. 1850ಕ್ಕಿಂತ ಹಿಂದಿನ ಅಮೆರಿಕದ ಗಣತಿಯಲ್ಲಿ ಹೆಸರಿರುವುದು ಮನೆಯ ಯಜಮಾನನಿಗೆ ಮಾತ್ರ, ಹೆಣ್ಣುಮಕ್ಕಳು ವಯಸ್ಸಿನ ಕಾಲಂನಲ್ಲಿ ಒಂದು ಅಂಕಿ. ಗೋರಿಕಲ್ಲು ಹುಡುಕೋಣವೆಂದರೆ ಆ ತಲೆಮಾರಿನ ಕ್ವೇಕರರಲ್ಲಿ ಅನೇಕರಿಗೆ ಅದೂ ಆಡಂಬರ. ಹೆಸರಿಲ್ಲದ ಹುಲ್ಲಿನಡಿ ಮಲಗಿರುವವರು ಅಸಂಖ್ಯ ಜನ.

ಹೀಗಿರುವಾಗ ನಿಮ್ಮ ಜೇಬಿನ ಚೀಟಿ ದೊಡ್ಡ ಅದೃಷ್ಟ. ಇಂಥ ಚೀಟಿಗಳನ್ನು ಓದುವಾಗ ನನ್ನ ನಿಯಮ ಇದು: ಮನೆಯವರು ಬರೆದ ಸ್ಥಳದ ಹೆಸರನ್ನು ನಂಬು, ಸಂಬಂಧವನ್ನು ಅರ್ಧ ನಂಬು, ಇಸವಿಯನ್ನು ನಂಬಬೇಡ. ನಿಮ್ಮ ಚೀಟಿಯಲ್ಲಿ ಇಸವಿ ಇಲ್ಲವೇ ಇಲ್ಲ, ಒಳ್ಳೆಯದಾಯಿತು. ಬರೆದವರು ಆರ್. ಪಿ.ಗಿಂತ ಎರಡು ತಲೆಮಾರು ಕಿರಿಯರು, ಅಂದರೆ ಸುಮಾರು 1870ರಿಂದ 1900ರ ನಡುವೆ ಬರೆದದ್ದಿರಬೇಕು. ಸ್ಥಳ ವೆಸ್ಟ್‌ಟೌನ್. ಅದು ಬರಿಯ ಊರಲ್ಲ. ಫಿಲಡೆಲ್ಫಿಯಾದ ಕ್ವೇಕರರು 1799ರಲ್ಲಿ ತೆರೆದ ವಸತಿ ಶಾಲೆ ಅಲ್ಲಿದೆ, ನಿಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಜಾನ್ ಫೋದರ್‌ಗಿಲ್ 1779ರಲ್ಲಿ ಸ್ಥಾಪಿಸಿದ ಆಕ್‌ವರ್ತ್ ಶಾಲೆ ಅದರ ಮಾದರಿ. ಆಗ ಎರಡೂ ಕಡೆ ಹುಡುಗಿಯರಿಗೆ ಓದು, ಲೆಕ್ಕದ ಜೊತೆ ಹೊಲಿಗೆ ಕಡ್ಡಾಯವಾಗಿತ್ತು. ಬಟ್ಟೆಗೆ ಗುರುತಿನ ಅಕ್ಷರ ಹಾಕುವುದು, ಹರಿದದ್ದಕ್ಕೆ ರಫು ಹಾಕುವುದು ಮೊದಲ ಪಾಠ. ವೆಸ್ಟ್‌ಟೌನ್ ಹುಡುಗಿಯರು ರೇಷ್ಮೆಯ ಗೋಳ ಹೊಲಿದು ಅದರ ಮೇಲೆ ಖಂಡಗಳನ್ನೂ ಅಕ್ಷಾಂಶ ರೇಖಾಂಶಗಳನ್ನೂ ದಾರದಲ್ಲಿ ಬಿಡಿಸಿದ್ದಾರೆ. ಭೂಗೋಳವನ್ನು ಸೂಜಿಯಲ್ಲಿ ಕಲಿಸಿದ ಶಾಲೆ ನನಗೆ ತಿಳಿದಂತೆ ಹೆಚ್ಚಿಲ್ಲ. ಸಮೀಪದ ವಸ್ತುಸಂಗ್ರಹಾಲಯಗಳಲ್ಲಿ ಅವನ್ನು ನೋಡಿದರೆ ನಿಮ್ಮ ಲಾಡಿಯ ಅಕ್ಷರಗಳ ಗುರುತು ಹತ್ತುತ್ತದೆ. ಬಳುಕು, ಬಳ್ಳಿ ಇಲ್ಲದ, ಅಚ್ಚುಮೊಳೆಯಂತೆ ನೆಟ್ಟಗೆ ನಿಂತ ರೋಮನ್ ಅಕ್ಷರ ಕ್ವೇಕರ್ ಶಾಲೆಗಳ ಕೈಬರಹ.

ಒಂದು ಅನುಮಾನವನ್ನು ಕೊನೆಯವರೆಗೂ ಜೊತೆಯಲ್ಲಿಟ್ಟುಕೊಳ್ಳಿ. ಕ್ವೇಕರ್ ಹುಡುಗಿಯರ ಕೈಕೆಲಸದಲ್ಲಿ ಕಾಣುವ ಅಕ್ಷರಗಳೆಲ್ಲ ಒಡತಿಯವಲ್ಲ. ಗೆಳತಿಯರ, ಅಕ್ಕತಂಗಿಯರ ಅಕ್ಷರಗಳನ್ನು ತಮ್ಮ ಹೊಲಿಗೆಯಲ್ಲಿ ಸೇರಿಸುವ ರೂಢಿ ಆಕ್‌ವರ್ತ್‌ನ ಕಸೂತಿಗಳಲ್ಲಿ ಎದ್ದು ಕಾಣುತ್ತದೆ. ಗುಂಡುಸೂಜಿ ಚುಚ್ಚಿಡಲು ಹೆಣೆದ ಉಂಡೆಗಳ ಮೇಲೆ ಕೊಟ್ಟವರ ಹೆಸರೂ ಇರುತ್ತದೆ, ಪಡೆದವರ ಹೆಸರೂ ಇರುತ್ತದೆ. ನಿಮ್ಮ ಸಂಚಿಯಲ್ಲಿ ಒಂದೇ ಜೊತೆ ಅಕ್ಷರ ಇರುವುದರಿಂದ, ಅದೂ ಕಟ್ಟುವ ಲಾಡಿಯ ಮೇಲಿರುವುದರಿಂದ, ಆರ್. ಪಿ. ಒಡತಿಯೇ ಎಂದು ನಾನು ಎಣಿಸುತ್ತೇನೆ. ವಸತಿ ಶಾಲೆಯಲ್ಲಿ ಎಲ್ಲರ ಬಳಿಯೂ ಒಂದೇ ತರದ ಕಂದು ಸಂಚಿ ಇದ್ದಾಗ ಹೊರಗಡೆ ಗುರುತು ಬೇಕೇ ಬೇಕು.

ಶಾಲೆಯ ದಾಖಲೆ ವಿಭಾಗಕ್ಕೆ ಬರೆಯಿರಿ. ಮೊದಲಿನಿಂದಲೂ ವಿದ್ಯಾರ್ಥಿಗಳ ಪಟ್ಟಿ ಇಟ್ಟುಕೊಂಡು ಬಂದ ಸಂಸ್ಥೆ ಅದು. ಸುಮ್ಮನೆ ‘ಆರ್. ಪಿ. ಯಾರು’ ಎಂದು ಕೇಳಿದರೆ ಯಾರೂ ಉತ್ತರಿಸಲಾರರು. 1818ರಿಂದ 1828ರ ನಡುವೆ ಸೇರಿದ, ಆರ್ ಮತ್ತು ಪಿ ಅಕ್ಷರದ ಹುಡುಗಿಯರು ಯಾರು, ಯಾವ ಊರಿನವರು ಎಂದು ಕೇಳಿ. 1823 ಶಾಲೆಗೆ ಹೊರಟ ವರ್ಷವೂ ಆಗಿರಬಹುದು, ಶಾಲೆ ಮುಗಿದ ಮೇಲೆ ಉಡುಗೊರೆ ಬಂದ ವರ್ಷವೂ ಆಗಿರಬಹುದು. ಅದಕ್ಕೇ ಆಚೀಚೆ ಐದೈದು ವರ್ಷ. ಶಾಲೆಯ ಹುಡುಗಿ ಎಂದ ಮೇಲೆ ಪಿ ತವರಿನ ಹೆಸರು, ಗಂಡನ ಮನೆಯದಲ್ಲ. ಇಷ್ಟರಲ್ಲೇ ನೂರಾರು ಹೆಸರು ಬೆರಳೆಣಿಕೆಗೆ ಇಳಿಯಬೇಕು.

ಊರು ತಿಳಿಯಿತೆಂದರೆ ಅವಳ ಮೀಟಿಂಗ್ ಯಾವುದೆಂದು ತಿಳಿಯಿತು. ನನ್ನ ಮಟ್ಟಿಗೆ ಇಡೀ ಹುಡುಕಾಟದ ಕೀಲಿ ಇದೇ. ಕ್ವೇಕರರಿಗೆ ಪಾದ್ರಿಯಿಲ್ಲ, ದೀಕ್ಷಾಸ್ನಾನವಿಲ್ಲ. ಎಲ್ಲ ವ್ಯವಹಾರವೂ ತಿಂಗಳಿಗೊಮ್ಮೆ ಸೇರುವ ಸಭೆಯ ಕೈಯಲ್ಲಿ, ಅದಕ್ಕೆ ಮಂತ್ಲಿ ಮೀಟಿಂಗ್ ಎನ್ನುತ್ತಾರೆ. ನಿಮ್ಮ ಸುತ್ತಮುತ್ತಲಿನ ಗೋಶೆನ್, ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್, ಯುಕ್ಲಾನ್, ಕೆನೆಟ್ ಎಲ್ಲವೂ ಅಂಥ ಸಭೆಗಳು. ಆಗ ಗಂಡಸರದು ಬೇರೆ, ಹೆಂಗಸರದು ಬೇರೆ, ನಡಾವಳಿ ಪುಸ್ತಕಗಳೂ ಬೇರೆ. ಆ ಕಾಲದ ಬೇರಾವ ಕ್ರೈಸ್ತ ಪಂಥದಲ್ಲೂ ಹೆಂಗಸರು ತಮ್ಮ ವ್ಯವಹಾರವನ್ನು ತಾವೇ ಇಷ್ಟು ಶಿಸ್ತಾಗಿ ಬರೆದಿಟ್ಟದ್ದನ್ನು ನಾನು ಕಂಡಿಲ್ಲ. ಸೂಜಿ ದಾರದ ಸಂಚಿಯ ಒಡತಿಯನ್ನು ಗಂಡಸರ ಆಸ್ತಿಪತ್ರಗಳಲ್ಲಿ ಹುಡುಕುವುದಕ್ಕಿಂತ ಅಲ್ಲಿ ಹುಡುಕಬೇಕು.

ಏನು ಸಿಗುತ್ತದೆ? ಜನನ ಪುಸ್ತಕದಲ್ಲಿ ಒಂದೊಂದು ಮನೆಗೆ ಒಂದೊಂದು ಪುಟ, ತಂದೆ ತಾಯಿಯ ಹೆಸರು, ಕೆಳಗೆ ಮಕ್ಕಳು. ಮದುವೆಯಾಗುವವರು ಸಭೆಯ ಮುಂದೆ ಬಂದು ಇಂಗಿತ ತಿಳಿಸಬೇಕಿತ್ತು, ಹುಡುಗಿಗೆ ಬೇರೆಲ್ಲೂ ಮಾತುಕತೆಯಾಗಿಲ್ಲವೇ ಎಂದು ವಿಚಾರಿಸಲು ಹೆಂಗಸರ ಸಭೆ ಇಬ್ಬರನ್ನು ನೇಮಿಸುತ್ತಿತ್ತು. ಅದರ ವರದಿ ನಡಾವಳಿಯಲ್ಲಿರುತ್ತದೆ. ಮದುವೆಯ ದಿನ ನೆರೆದವರೆಲ್ಲ ಸರ್ಟಿಫಿಕೇಟಿಗೆ ಸಹಿ ಹಾಕುತ್ತಿದ್ದರು. ದಂಪತಿಯ ಹೆಸರಿನ ಕೆಳಗಿನ ಸಾಲಿನಲ್ಲಿ ಸಾಮಾನ್ಯವಾಗಿ ಹತ್ತಿರದ ನೆಂಟರು. ಆ ಒಂದು ಹಾಳೆಯಲ್ಲಿ ಅವಳ ಅಕ್ಕತಂಗಿಯರು, ಅತ್ತೆಯಂದಿರು, ನೆರೆಯವರು ಎಲ್ಲರೂ ಸಾಲಾಗಿ ಸಿಗುತ್ತಾರೆ. ಬೇರೆ ಊರಿಗೆ ಹೋದರೆ ಅಲ್ಲಿಯ ಸಭೆಗೆ ಪತ್ರ ಕೊಟ್ಟು ಕಳುಹಿಸುತ್ತಿದ್ದರು. ಪಂಥದ ಹೊರಗೆ ಮದುವೆಯಾದರೆ ಹೊರಹಾಕುತ್ತಿದ್ದರು, ಸಂಬಳ ಪಡೆಯುವ ಪಾದ್ರಿಯ ಕೈಯಲ್ಲಿ ಮದುವೆ ಮಾಡಿಸಿಕೊಂಡಳು ಎಂದು ಕಾರಣವನ್ನೂ ಬರೆಯುತ್ತಿದ್ದರು. ಹಾಗೆ ಹೊರಬಿದ್ದವಳು ನಿಮ್ಮವಳಾಗಿದ್ದರೆ ಬೇಸರಿಸಬೇಡಿ. ತಪ್ಪಿಲ್ಲದೆ ಬಾಳಿದವಳಿಗೆ ಎರಡು ಸಾಲು, ನಿಯಮ ಮುರಿದವಳಿಗೆ ಮೂರ್ನಾಲ್ಕು ತಿಂಗಳ ನಡಾವಳಿ.

ಈ ಪುಸ್ತಕಗಳು ಈಗ ಸ್ವಾರ್ತ್‌ಮೋರ್ ಕಾಲೇಜಿನ ಫ್ರೆಂಡ್ಸ್ ಹಿಸ್ಟಾರಿಕಲ್ ಲೈಬ್ರರಿಯಲ್ಲೂ ಹ್ಯಾವರ್‌ಫರ್ಡ್ ಕಾಲೇಜಿನ ಸಂಗ್ರಹದಲ್ಲೂ ಇವೆ. ಬಹುಭಾಗ ಆನ್‌ಸೆಸ್ಟ್ರಿ ಎಂಬ ವಂಶಾವಳಿಯ ಜಾಲತಾಣದಲ್ಲಿ ಚಿತ್ರರೂಪದಲ್ಲಿದೆ, ಅಮೆರಿಕದ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಅದನ್ನು ದುಡ್ಡಿಲ್ಲದೆ ನೋಡಬಹುದು. ಅದರ ಹೆಸರಿನ ಸೂಚಿಯನ್ನೇ ನಂಬಿ ಕೂರಬೇಡಿ. ಕೈಬರಹ ತಪ್ಪಾಗಿ ಓದಿದ ಹೆಸರುಗಳು ಅಲ್ಲಿ ಧಾರಾಳ. ಸಭೆ ಯಾವುದೆಂದು ಗೊತ್ತಾದ ಮೇಲೆ ಆ ವರ್ಷಗಳ ಪುಟಗಳನ್ನು ಒಂದೊಂದಾಗಿ ತಿರುವುವುದೇ ಮೇಲು. ವಿಲಿಯಂ ವೇಡ್ ಹಿನ್‌ಶಾ 1936ರಿಂದ ಪ್ರಕಟಿಸಿದ ಕ್ವೇಕರ್ ವಂಶಾವಳಿಯ ಸಂಪುಟಗಳನ್ನು ಯಾರಾದರೂ ಶಿಫಾರಸು ಮಾಡಿಯಾರು. ಒಳ್ಳೆಯ ಕೆಲಸ, ಆದರೆ ಪೆನ್ಸಿಲ್ವೇನಿಯಾದ ಮಟ್ಟಿಗೆ ಅಚ್ಚಾಗಿರುವುದು ಫಿಲಡೆಲ್ಫಿಯಾ, ಫಾಲ್ಸ್ ಸಭೆಗಳಂಥ ಕೆಲವೇ. ಚೆಸ್ಟರ್ ಕೌಂಟಿಯ ಸಭೆಗಳು ಅದರಲ್ಲಿಲ್ಲ.

1827ನ್ನು ದಾಟುವಾಗ ಜಾಗ್ರತೆ. ಆ ವರ್ಷ ಫಿಲಡೆಲ್ಫಿಯಾದ ಕ್ವೇಕರರು ಇಬ್ಭಾಗವಾದರು. ಎಲಿಯಾಸ್ ಹಿಕ್ಸ್ ಎಂಬ ಬೋಧಕನ ಕಡೆಯವರು ಹಿಕ್ಸೈಟ್, ಉಳಿದವರು ಆರ್ಥೊಡಾಕ್ಸ್. ಅಲ್ಲಿಂದ ಮುಂದೆ 1955ರವರೆಗೆ ಅನೇಕ ಕಡೆ ಒಂದೇ ಹೆಸರಿನ ಎರಡೆರಡು ಸಭೆಗಳು, ಎರಡೆರಡು ಪುಸ್ತಕಗಳು. ಆರ್. ಪಿ.ಯ ಶಾಲೆಯ ದಿನಗಳು ಬಹುಶಃ ಒಡಕಿಗೆ ಮೊದಲಿನವು, ಮದುವೆಯಾಗಿದ್ದರೆ ಅದು ನಂತರದ್ದಿರಬಹುದು. ಒಂದರಲ್ಲಿ ಮಾಯವಾದರೆ ಇನ್ನೊಂದನ್ನು ನೋಡಿ.

ಚೀಟಿಯ ಇನ್ನೊಂದು ಮಾತಿಗೆ ಬರೋಣ, ‘ಅಜ್ಜಿಯ ಸಹೋದರಿ’. ಸಂಚಿ ಅವಳ ಸ್ವಂತ ಮಕ್ಕಳಿಗೆ ಹೋಗದೆ ಅಕ್ಕನ ಅಥವಾ ತಂಗಿಯ ಮೊಮ್ಮಗಳ ಕೈಗೆ ಬಂದಿದೆ ಎಂದರೆ ಆರ್. ಪಿ. ಮದುವೆಯಾಗಿರಲಿಲ್ಲ, ಇಲ್ಲವೇ ಮಕ್ಕಳಿರಲಿಲ್ಲ ಎಂದು ಊಹಿಸಲು ಅವಕಾಶವಿದೆ. ಮದುವೆಯಾಗದವಳಾಗಿದ್ದರೆ ನಿಮಗೆ ಇನ್ನೂ ಅನುಕೂಲ. ಪೆನ್ಸಿಲ್ವೇನಿಯಾದಲ್ಲಿ 1848ರ ಕಾಯಿದೆ ಬರುವವರೆಗೆ ಗಂಡನಿದ್ದ ಹೆಂಗಸಿನ ಸಾಮಾನೆಲ್ಲ ಗಂಡನದೇ. ಅವಿವಾಹಿತೆಯರು, ವಿಧವೆಯರು ಮಾತ್ರ ತಮ್ಮ ಇಷ್ಟದಂತೆ ಉಯಿಲು ಬರೆಯಬಹುದಿತ್ತು. ಅಂಥವರ ಉಯಿಲುಗಳಲ್ಲಿ ಯಾವ ಚಮಚ ಯಾವ ಸೋದರ ಸೊಸೆಗೆ, ಯಾವ ಶಾಲು ಯಾವ ಅಕ್ಕನ ಮಗಳಿಗೆ ಎಂದು ಹೆಸರು ಹಿಡಿದು ಬರೆದದ್ದನ್ನು ಕಾಣಬಹುದು. ವೆಸ್ಟ್ ಚೆಸ್ಟರ್‌ನಲ್ಲಿರುವ ಚೆಸ್ಟರ್ ಕೌಂಟಿ ದಾಖಲೆ ಕಚೇರಿಯಲ್ಲಿ 1714ರಿಂದೀಚಿನ ಉಯಿಲುಗಳಿವೆ. ಸಂಚಿಯ ಹೆಸರೇ ಸಿಗುತ್ತದೆಂದು ಆಸೆಪಡಬೇಡಿ, ಅಂಥ ಸಣ್ಣ ವಸ್ತು ‘ಉಳಿದದ್ದೆಲ್ಲ’ ಎಂಬ ಲೆಕ್ಕದಲ್ಲಿ ಹೋಗುತ್ತದೆ. ನಿಮಗೆ ಬೇಕಾದ್ದು ಸೋದರ ಸೊಸೆಯಂದಿರ ಹೆಸರು.

ಏಕೆಂದರೆ ಸಂಚಿ ನಡೆದ ದಾರಿಯೇ ಅದು, ಹೆಣ್ಣಿನಿಂದ ಹೆಣ್ಣಿಗೆ. ತಲೆಮಾರಿಗೊಮ್ಮೆ ಮನೆತನದ ಹೆಸರು ಬದಲಾಗಿದೆ. ನೀವು ಸಂಚಿ ಕೊಂಡ ಮನೆಯವರ ಹೆಸರು ಪಿ ಅಕ್ಷರದ್ದಲ್ಲ ಎಂದು ನಿರಾಶೆಪಡುವ ಕಾರಣವಿಲ್ಲ, ಪಿ ಆಗಿದ್ದರೇ ನನಗೆ ಆಶ್ಚರ್ಯ. ಆ ಮನೆಯ ಕೊನೆಯ ಹಿರಿಯಳಿಂದ ಅವಳ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ತಾಯಂದಿರ ಸಾಲನ್ನು ಹತ್ತಿ. 1850ರ ನಂತರದ ಗಣತಿಯಲ್ಲಿ ಎಲ್ಲರ ಹೆಸರೂ ಇರುವುದರಿಂದ ಈ ಭಾಗ ಕಷ್ಟವಲ್ಲ. ವೆಸ್ಟ್‌ಟೌನ್ ಪಟ್ಟಿಯ ಆರ್. ಪಿ.ಗಳಲ್ಲಿ ಯಾರ ಸಹೋದರಿ ಈ ಸಾಲಿನಲ್ಲಿ ಬಂದು ಕೂರುತ್ತಾಳೋ ಅವಳೇ ಸಂಚಿಯ ಒಡತಿ. ಎರಡೂ ತುದಿ ಕೂಡದಿದ್ದರೆ ‘ಇರಬಹುದು’ ಎಂದೇ ಬರೆದುಕೊಳ್ಳಿ. ಇದೇ ಸಂಚಿಯನ್ನು ಹಿಡಿದು, ಗುಲಾಮಗಿರಿಯಿಂದ ಓಡಿಬಂದವರನ್ನು ಬಚ್ಚಿಟ್ಟ ಮನೆಯದು ಎಂದು ಕಥೆ ಕಟ್ಟುವವರೂ ಬರುತ್ತಾರೆ. ಚೆಸ್ಟರ್ ಕೌಂಟಿಯಲ್ಲಿ ಅಂಥ ಮನೆಗಳು ಇದ್ದದ್ದು ನಿಜ, ಆದರೆ ಪ್ರತಿ ಸಂಚಿಗೂ ಆ ಗೌರವ ಹಂಚಲಾಗದು.

ಸಿಕ್ಕ ಮೇಲೆ ಏನು ಮಾಡಬೇಕೆಂದು ನೀವು ಕೇಳಿಲ್ಲ. ಕೊಂಡದ್ದು ನಿಮ್ಮದು, ವಂಶಸ್ಥರಿಗೆ ಮರಳಿಸಬೇಕೆಂಬ ಕಟ್ಟುಪಾಡಿಲ್ಲ. ಅವರೇ ಮಾರಿದವರು ಎಂಬುದನ್ನೂ ಮರೆಯಬೇಡಿ. ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ಶಾಲೆಯೋ ವೆಸ್ಟ್ ಚೆಸ್ಟರ್‌ನ ಚೆಸ್ಟರ್ ಕೌಂಟಿ ಹಿಸ್ಟರಿ ಸೆಂಟರೋ ಸರಿಯಾದ ಜಾಗ. ಚೀಟಿಯನ್ನು ಸಂಚಿಯಿಂದ ಬೇರೆ ಮಾಡಿ ಕೊಡಬೇಡಿ.

ಆದರೆ ಇವೆಲ್ಲಕ್ಕೂ ಮೊದಲು ಒಂದು ಫೋನ್ ಮಾಡಿ. ಮನೆಯ ಸಾಮಾನು ಮಾರಿಕೊಟ್ಟ ಸಂಸ್ಥೆಯನ್ನು ಕೇಳಿ: ಅದು ಯಾರ ಮನೆ, ಸಂಚಿ ಯಾವ ಕೋಣೆಯ ಯಾವ ಪೆಟ್ಟಿಗೆಯಲ್ಲಿತ್ತು, ಅದರ ಜೊತೆ ಇನ್ನೇನಿತ್ತು, ಹಳೆಯ ಬೈಬಲ್ ಅಥವಾ ಪತ್ರಗಳ ಕಟ್ಟು ಯಾರಿಗೆ ಮಾರಾಟವಾಯಿತು. ಉಯಿಲು, ನಡಾವಳಿ ಪುಸ್ತಕಗಳು ಇನ್ನೂರು ವರ್ಷ ಕಾದಿವೆ, ಇನ್ನೊಂದು ತಿಂಗಳು ಕಾಯುತ್ತವೆ. ಮಾರಾಟದ ಸಂಸ್ಥೆಯವರ ನೆನಪು ಮುಂದಿನ ಮನೆಯ ಸಾಮಾನು ಬರುವವರೆಗೆ ಮಾತ್ರ.